ಒಂದೂವರೆ ಅಡಿ ಎತ್ತರದಲ್ಲಿ

೧೯೯೮ರ ಫೆಬ್ರವರಿಯ ಒಂದು ಬುಧವಾರ, ಹಿರೇಕಟ್ಟೆ ಕೋರ್ಟಿನ ಹಿಂದಿನ ಜಗುಲಿಯಲ್ಲಿ, ಬಸ್ತಿಹಳ್ಳಿಯ ಕೆಂಚಯ್ಯ ಎಂಬ ಅರವತ್ತೊಂದು ವರ್ಷದ ವಿಚಾರಣಾಧೀನ ಕೈದಿಯ ಬಲಗೈಗೆ ಬೇಡಿ ಹಾಕಿ, ಬೇಡಿಯ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದರು. ಸರಳಿನ ಕೆಳತುದಿಯೇ ನೆಲದಿಂದ ನಾಲ್ಕೂಕಾಲು ಅಡಿ ಮೇಲಿತ್ತು. ಬೆಳಿಗ್ಗೆ ಹತ್ತೂವರೆಯಿಂದ ಅವನು ನಿಂತೇ ಇದ್ದ. ಹನ್ನೆರಡಕ್ಕೆ ಉಚ್ಚೆಗೆ ಬಿಡಿ ಎಂದು ಕೇಳಿದ. ಒಂದಕ್ಕೆ ಮತ್ತೆ ಕೇಳಿದ. ಒಂದೂವರೆಗೆ ಪಂಚೆಯಲ್ಲೇ ಆಯಿತು. ಮೂರರ ಹೊತ್ತಿಗೆ ತಲೆ ಸುತ್ತಿ ಬಿದ್ದ. ಪೂರ್ತಿ ಬೀಳಲಿಲ್ಲ, ಮಣಿಕಟ್ಟಿನಿಂದ ನೇತಾಡಿದ. ಕೀಲಿ ಇದ್ದ ಪೇದೆ ಇನ್ನೊಬ್ಬ ಕೈದಿಯ ಜೊತೆ ಕೋರ್ಟ್ ಹಾಲಿನೊಳಗಿದ್ದ. ಬೇಡಿ ತೆಗೆದಾಗ ನಾಲ್ಕು ಗಂಟೆ. ಕೇಸನ್ನು ಮುಂದಿನ ತಿಂಗಳಿಗೆ ಹಾಕಿದರು. ಬಲಗೈಯ ಬೆರಳುಗಳು ಆಮೇಲೆ ಮಡಚಲಿಲ್ಲ.

ಕೆಂಚಯ್ಯ ತೆಂಗಿನಕಾಯಿ ಸುಲಿಯುವವನು. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಕುಕ್ಕಿ, ಎರಡೂ ಕೈಯಲ್ಲಿ ತಿರುಚಿ, ಮೂರು ಏಟಿಗೆ ಸಿಪ್ಪೆ ಬಿಡಿಸುತ್ತಿದ್ದ. ಮಂಡಿಯಿಂದ ಒಂದು ಚೀಲ ಕೊಬ್ಬರಿ ಕದ್ದನೆಂಬುದು ಅವನ ಮೇಲಿದ್ದ ಕೇಸು. ಕದ್ದಿದ್ದನೋ ಇಲ್ಲವೋ ಇನ್ನೂ ತೀರ್ಮಾನವಾಗಿರಲಿಲ್ಲ. ಕೈಯ ವಿಷಯ ಮಾತ್ರ ತೀರ್ಮಾನವಾಗಿಹೋಗಿತ್ತು.

ಅರಸೀಕೆರೆಯಲ್ಲಿ ಶನಿವಾರ ಶನಿವಾರ ಸೇರಿ ಪುಸ್ತಕ ಓದುತ್ತಿದ್ದ ಏಳೆಂಟು ಜನ ಇದನ್ನು ಬಿಡಲಿಲ್ಲ. ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತ, ಇಬ್ಬರು ಮೇಷ್ಟ್ರು, ಒಬ್ಬ ಟೈಲರು, ಇಂಥವರು. ಅರ್ಜಿ ಬರೆದರು. ಉತ್ತರ ಬರಲಿಲ್ಲವೆಂದು ಇನ್ನೊಂದು ಬರೆದರು. ಆರನೇ ಅರ್ಜಿಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದು, ಜಗುಲಿ ನೋಡಿ, ಕಿಟಕಿ ನೋಡಿ, ‘ಕೋರ್ಟಿನಲ್ಲಿ ಕೈದಿಗಳನ್ನು ಇರಿಸಲು ಕೊಠಡಿ ಇಲ್ಲದಿರುವುದೇ ಘಟನೆಗೆ ಕಾರಣ’ ಎಂದು ವರದಿ ಬರೆದು ಹೋದರು. ಆ ವರದಿಯ ಪ್ರಕಾರ ಯಾವ ಮನುಷ್ಯನೂ ಏನೂ ಮಾಡಿರಲಿಲ್ಲ, ಇಲ್ಲದ ಕೊಠಡಿ ಮಾಡಿತ್ತು. ಇರಲಿ, ಕೊಠಡಿಯಾದರೂ ಮಂಜೂರಾಯಿತು: ಗಂಡಸರಿಗೊಂದು, ಹೆಂಗಸರಿಗೊಂದು. ಅರ್ಧ ಹಣ ಕೇಂದ್ರದ್ದು, ಅರ್ಧ ರಾಜ್ಯದ್ದು. ೧೯೯೯ರ ಮಾರ್ಚ್ ಮೂವತ್ತೊಂದರೊಳಗೆ ನಕ್ಷೆ, ಅಂದಾಜು, ಕಾಮಗಾರಿ ಆದೇಶ ಎಲ್ಲ ಮುಗಿಯಬೇಕು. ಇಲ್ಲವಾದರೆ ಹಣ ವಾಪಸ್.

ನಕ್ಷೆ ಲತಾಮಣಿಯ ಕೈಗೆ ಬಂತು. ಕೋರ್ಟಿನ ಎದುರಿಗೇ ಇದ್ದ ಸರ್ಕಾರಿ ಕಟ್ಟಡಗಳ ಕಚೇರಿಯಲ್ಲಿ ಅವಳು ಟ್ರೇಸರ್. ಎಂಜಿನಿಯರು ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಪಾರದರ್ಶಕ ಹಾಳೆಯ ಮೇಲೆ ಇಂಕಿನಲ್ಲಿ ಎಳೆಯುವ ಕೆಲಸ. ಆ ಹಾಳೆಯಿಂದಲೇ ಅಮೋನಿಯಾ ವಾಸನೆಯ ನೀಲಿ ಪ್ರತಿಗಳು ತಯಾರಾಗಿ ಊರೂರಿಗೆ ಹೋಗುತ್ತಿದ್ದವು. ಹಾಳೆಯ ಬಲಮೂಲೆಯಲ್ಲಿ ‘ಎಳೆದವರು’ ಎಂಬ ಚೌಕದಲ್ಲಿ ಅವಳ ಸಹಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ಪ್ರೊಬೇಷನ್ ಮುಗಿಸುವ ಫೈಲು ಎಂಜಿನಿಯರ್ ಬಸವಕುಮಾರರ ಟೇಬಲ್ಲಿನ ಮೇಲಿತ್ತು. ಪಾರ್ಸೆಲ್ ಆಫೀಸಿನ ಆ ಗುಮಾಸ್ತ, ಧರ್ಮೇಶ್, ಅವಳ ಗಂಡ. ಅರ್ಜಿಗಳಲ್ಲಿ ಎರಡನ್ನು ದುಂಡಗೆ ಬರೆದುಕೊಟ್ಟವಳು ಅವಳೇ. ಇದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಸವಕುಮಾರ್ ಕೊಟ್ಟ ಪೆನ್ಸಿಲ್ ಗೀಟಿನಲ್ಲಿ ಎರಡು ಚೌಕಗಳಷ್ಟೇ ಇದ್ದವು. ಮಿಕ್ಕಿದ್ದನ್ನು ಲತಾಮಣಿ ಕೇಳಿ ಕೇಳಿ ಸೇರಿಸಿದಳು. ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ. ಮೇಲೆ ಗಾಳಿಗಿಂಡಿ. ಒಂದೊಂದು ಕೋಣೆಗೆ ಒಂದೊಂದು ಕಕ್ಕಸು, ನಲ್ಲಿ, ಅರ್ಧ ಎತ್ತರದ ಮರೆಗೋಡೆ.

“ಏನ್ರೀ ಲತಾಮಣಿ, ಲಾಡ್ಜಿಂಗ್ ಕಟ್ತಿದೀರಾ?” ಎಂದು ಪಕ್ಕದ ಟೇಬಲ್ಲಿನ ಹಿರಿಯ ನಕ್ಷೆಗಾರ ಹನುಮಂತಯ್ಯ ಬಗ್ಗಿ ನೋಡಿದರು. “ಬಿಸಿನೀರು ಬಿಟ್ಟಿದೀರಲ್ಲ. ನಾನು ರಿಟೈರ್ ಆದ್ಮೇಲೆ ಏನಾದ್ರೂ ಕದ್ದು ಇಲ್ಲೇ ಬಂದಿರ್ತೀನಿ.”

“ಬನ್ನಿ ಸಾರ್. ಗಾಳಿಗಿಂಡಿ ಪಕ್ಕದ ಸೀಟು ನಿಮಗೇ.”

ಬಸವಕುಮಾರ್ ನಕ್ಷೆಯನ್ನು ಒಪ್ಪಿದರು. ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡಿದವರಲ್ಲ. ಅವಳ ತಾಯಿ ಕಾಯಿಲೆ ಬಿದ್ದಾಗ ಎಂಟು ದಿನ ರಜೆಯನ್ನು ಅರ್ಜಿ ಇಲ್ಲದೆ ಕೊಟ್ಟಿದ್ದರು.

ಫೆಬ್ರವರಿ ಕೊನೆಯ ವಾರ ಸಂಜೆ, ಹಿರೇಕಟ್ಟೆ ಬಸ್‌ಸ್ಟ್ಯಾಂಡಿನಲ್ಲಿ ಲತಾಮಣಿ ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದಾಗ, ಹಳೇಬೀಡು ಬಸ್ಸಿಗೆ ಕಾಯುತ್ತಿದ್ದ ಕೆಂಚಯ್ಯ ಮತ್ತು ಅವನ ಹೆಂಡತಿ ಮುದ್ದಮ್ಮ ಸಿಕ್ಕಿದರು. ವಾಯಿದೆ ಮುಗಿಸಿಕೊಂಡು ಬಂದಿದ್ದರು. ಲತಾಮಣಿಯ ತಂದೆ ಮರಿಯಣ್ಣ ತೀರಿಕೊಳ್ಳುವವರೆಗೂ ಇದೇ ಕೆಂಚಯ್ಯನ ಜೊತೆ ಕಾಯಿ ಸುಲಿದವನು. ಒಂದೇ ಕೇರಿ, ಎದುರು ಬದುರು ಬಾಗಿಲು.

ಮುದ್ದಮ್ಮ ಕಡ್ಲೆಕಾಯಿ ಸುಲಿದು ಗಂಡನ ಎಡಗೈಗೆ ಹಾಕುತ್ತಿದ್ದಳು. “ನೋಡವ್ವ, ಎಡಗೈಲಿ ತಿನ್ನಕ್ಕೆ ಕಲಿಸ್ತಾ ಇವ್ನಿ. ಒಂದ್ ವರ್ಸ ಆಯ್ತು, ಇನ್ನೂ ಒಂದ್ನೇ ಕ್ಲಾಸಲ್ಲೇ ಅವ್ನೆ.”

“ಕೋಣೆ ಕಟ್ತಾರಂತಲ್ಲ ಮಗಾ,” ಎಂದ ಕೆಂಚಯ್ಯ.

“ಹೂಂ ದೊಡ್ಡಪ್ಪ. ನಕ್ಷೆ ನಾನೇ ಬರೀತಿರೋದು.”

“ನೀನಾ?” ಮುದ್ದಮ್ಮ ಕೈ ನಿಲ್ಲಿಸಿದಳು. “ಮರಿಯಣ್ಣನ ಮಗಳು ಜೈಲು ಕಟ್ತಾವ್ಳೆ ಅಂತ ಕೇರಿಗೆಲ್ಲ ಸಾರ್‌ಕಂಡು ಬತ್ತೀನಿ ತಡಿ.”

“ಜೈಲಲ್ಲ ದೊಡ್ಡವ್ವ. ಕೋರ್ಟಿಗೆ ಕರ್ಕೊಂಡ್ ಬಂದೋರನ್ನ ಹೆಸರು ಕೂಗೋ ತನಕ ಇರಿಸೋ ಕೋಣೆ.”

“ಕೂರಬೌದಾ?” ಎಂದ ಕೆಂಚಯ್ಯ.

“ಕಲ್ಲಿನ ಕಟ್ಟೆ ಹಾಕಿದೀನಿ. ಹನ್ನೆರಡು ಜನ ಕೂರಬಹುದು.”

“ಕೈ?”

“ಬಾಗಿಲಿಗೆ ಬೀಗ ಅಲ್ವಾ, ಒಳಗೆ ಕೈ ಬಿಟ್ಟೇ ಇರ್ತಾರೆ.”

ಕೆಂಚಯ್ಯ ಇನ್ನೇನೋ ಕೇಳಲು ಬಾಯಿ ತೆರೆದು ಬಸ್ಸು ಬರುವ ದಾರಿ ನೋಡಿದ.

“ಕಕ್ಕಸು ಐತಾ ಅಂತ ಕೇಳ್ಬೇಕು ಈವಯ್ಯಂಗೆ,” ಎಂದಳು ಮುದ್ದಮ್ಮ. “ಬಾಯಿಬಿಟ್ ಕೇಳಕ್ಕೆ ನಾಚ್ಕೆ. ಅವತ್ತು ಅಷ್ಟು ಜನದ ಮುಂದೆ ಆಯ್ತಲ್ಲ, ಅದಾದ್ಮೇಲೆ ನಮ್ ಬಾವಿ ಹತ್ರಾನೂ ಹೋಗಲ್ಲ.”

“ಐತೆ ದೊಡ್ಡಪ್ಪ. ನಲ್ಲಿ ಸಮೇತ.”

“ಹಂಗಾರೆ ಸರಿ,” ಎಂದ. “ಜಾಮೀನು ನಿಂತಿದ್ದ ಗಂಗಯ್ಯ ಯುಗಾದಿ ಆದ್ಮೇಲೆ ಬಿಡುಸ್ಕತೀನಿ ಅಂತಾವ್ನೆ. ಅವ್ನಿಗೂ ಎಷ್ಟು ದಿನ ಅಂತ. ಆಮೇಲೆ ಮತ್ತೆ ಪೋಲೀಸ್ನೋರ ಕೈಲೇ ಇಲ್ಲಿಗೆ ಬರೋದು. ಸಾಕ್ಷಿ ಮುಗಿಯಕ್ಕೆ ಇನ್ನೂ ಎಂಟತ್ತು ವಾಯಿದೆ ಐತಂತೆ.” ಹಳೇಬೀಡು ಬಸ್ಸು ಬಂತು. ಎಡಗೈಯಲ್ಲಿ ಕಂಬಿ ಹಿಡಿದು ಹತ್ತುತ್ತ ಹಿಂತಿರುಗಿದ. “ಬಾಗ್ಲು ಮರೀಬೇಡ ಮಗಾ. ಜನ ಕಾಣ್ದಂಗೆ ಇರ್ಲಿ.”

ಮರೆಯುವುದಿಲ್ಲ ಎಂದಳು ಲತಾಮಣಿ.

ಮಾರ್ಚ್ ಮೂರನೇ ವಾರ. ಎಲ್ಲ ಕಚೇರಿಗಳಿಗೂ ಜ್ವರ ಬಂದಂತಿರುವ ದಿನಗಳು. ಅಮೋನಿಯಾ ಯಂತ್ರ ಬೆಳಗಿನಿಂದ ಓಡುತ್ತಿತ್ತು; ಕಣ್ಣಲ್ಲಿ ನೀರು, ಮೂಗಲ್ಲಿ ಉರಿ. ಒಳಗಿನ ಕೋಣೆಯಿಂದ ಬಸವಕುಮಾರ್ ಕೂಗಿ ಕೇಳಿದರು: “ಲತಾಮಣಿ, ಗೋಡೆಗೆ ಕಬ್ಬಿಣದ ಬಳೆ ಕೂರಿಸೋ ಐಟಂ ಎಸ್ಸಾರಲ್ಲಿ ಎಲ್ಲಾದರೂ ಇದೆಯೇನ್ರೀ?”

ಎಸ್ಸಾರ್ ಎಂದರೆ ದರಪಟ್ಟಿಯ ಪುಸ್ತಕ. ಅದರಲ್ಲಿ ಇಲ್ಲದ್ದನ್ನು ಸರ್ಕಾರ ಕಟ್ಟುವುದಿಲ್ಲ. ಒಂದು ಮೊಳೆ ಹೊಡೆಯಬೇಕಾದರೂ ಆ ಮೊಳೆಗೆ ಪುಟ ಬೇಕು, ಕ್ರಮಸಂಖ್ಯೆ ಬೇಕು, ದರ ಬೇಕು. ಲತಾಮಣಿಗೆ ಆ ಪುಸ್ತಕ ಬಾಯಿಪಾಠ. ಡಿಪ್ಲೊಮಾ ಓದಿದ ಹುಡುಗರು ಹುಡುಕುವಷ್ಟರಲ್ಲಿ ತಾನು ಹೇಳಿಬಿಡಬೇಕೆಂದೇ ಕಲಿತಿದ್ದಳು.

“ಅರವತ್ತೊಂದನೇ ಪುಟ ಸಾರ್,” ಎಂದಳು, ಹಾಳೆಯಿಂದ ತಲೆ ಎತ್ತದೆ. “ಪಶು ಆಸ್ಪತ್ರೆ. ದನ ಕಟ್ಟೋಕೆ ಹನ್ನೆರಡು ಮಿಲಿಮೀಟರ್ ಸರಳಿನ ಬಳೆ, ಸಿಮೆಂಟಿನಲ್ಲಿ ಕೂರಿಸೋದು, ಒಂದಕ್ಕೆ ಇಷ್ಟು ಅಂತ.”

“ಪುಸ್ತಕಾನೇ ನುಂಗಿಬಿಟ್ಟಿದೀರಲ್ರೀ,” ಎಂದರು ಹನುಮಂತಯ್ಯ. ಒಳಗಿನಿಂದ “ಥ್ಯಾಂಕ್ಸ್” ಕೇಳಿಸಿತು. ಯಾವುದೋ ಪಶು ಆಸ್ಪತ್ರೆಯ ರಿಪೇರಿ ಇರಬೇಕೆಂದುಕೊಂಡಳು. ಆ ಮೆಚ್ಚುಗೆಯಿಂದ ಮಧ್ಯಾಹ್ನದವರೆಗೂ ಸಂತೋಷವಾಗಿಯೇ ಇದ್ದಳು.

ಇಪ್ಪತ್ತೊಂಬತ್ತನೇ ತಾರೀಖು ಸೋಮವಾರ. ಹನ್ನೊಂದು ಗಂಟೆಗೆ ಕಂಟ್ರಾಕ್ಟರ್ ದೇವೀರಪ್ಪ ಬಂದ. ಕೊಬ್ಬರಿ ಮಂಡಿಯ ಜೊತೆಗೆ ಸರ್ಕಾರಿ ಕಂಟ್ರಾಕ್ಟೂ ಮಾಡುವವನು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಎಲ್ಲರಿಗೂ ಹಂಚಲು ತಂದ ಪೇಡದ ಡಬ್ಬಿ. ಲತಾಮಣಿಯ ಟೇಬಲ್ಲಿನ ಮೇಲೂ ಒಂದು ಇಟ್ಟ.

“ಏನಮ್ಮಾ, ನಕ್ಷೆ ಆಯ್ತಾ? ಎತ್ತರ ನಮ್ಮ ಕೊಟ್ಟಿಗೇದೇ ಕೊಟ್ಟಿದೀನಿ. ಎಂಜಿನಿಯರ್ ಸಾಹೇಬ್ರು ಎಷ್ಟಿಡೋಣ ಅಂತ ಕೇಳಿದ್ರು. ಮೇಸ್ತ್ರೀನ ಕಳ್ಸಿ ಟೇಪ್ ಹಿಡಿಸ್ದೆ. ಒಂದೂವರೆ ಅಡಿ. ಹಸ ಮಲಗಿದ್ರೂ ಕತ್ತು ಎಳೆಯಲ್ಲ, ಎದ್ರೂ ಎಳೆಯಲ್ಲ. ನಮ್ಮಪ್ಪಾಜಿ ಕಾಲದ ಲೆಕ್ಕ.”

“ಯಾವುದರ ಎತ್ತರ?”

“ಬಳೇದು ಕಣಮ್ಮ. ಕೋರ್ಟು ಜಗುಲಿ ಬಳೇದು.”

ಲತಾಮಣಿ ಎದ್ದು ಹನುಮಂತಯ್ಯನವರ ಟೇಬಲ್ಲಿನ ಮೇಲಿದ್ದ ಕಡತ ಎಳೆದುಕೊಂಡಳು. ಮೇಲೆ ಬಸವಕುಮಾರರ ಹೊಸ ಪೆನ್ಸಿಲ್ ಗೀಟು. ಕೋಣೆ ಒಂದೇ. ಅದರ ಮೇಲೆ ‘ದಾಖಲೆ ಕೊಠಡಿ’ ಎಂದು ಬರೆದಿತ್ತು. ಕಕ್ಕಸು ಇದ್ದಲ್ಲಿ ಎರಡು ಅಡ್ಡಗೀಟು. ಹಿಂದಿನ ಜಗುಲಿಗೆ ತಗಡಿನ ಮಾಡು. ಜಗುಲಿಯ ಗೋಡೆಯ ಮೇಲೆ, ಅಳೆದಿಟ್ಟ ಅಂತರದಲ್ಲಿ, ಎಂಟು ಸಣ್ಣ ಸೊನ್ನೆ. ಪಕ್ಕದಲ್ಲಿ ‘ನೆಲದಿಂದ ೪೫ ಸೆಂ.ಮೀ.’ ಅಂದಾಜುಪಟ್ಟಿಯ ಏಳನೇ ಸಾಲಿನಲ್ಲಿ: ‘ಎಸ್.ಆರ್. ಪುಟ ೬೧, ಪಶು ಆಸ್ಪತ್ರೆ, ಬಳೆ, ೮ ಸಂಖ್ಯೆ.’

ಮನುಷ್ಯರನ್ನು ಕಟ್ಟುವ ಐಟಂ ದರಪಟ್ಟಿಯಲ್ಲಿ ಇರಲಿಲ್ಲ. ಬರೆಯಲು ಯಾರಿಗೋ ಎಂದೋ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ದಾಟುವ ದಾರಿಯನ್ನು ಲತಾಮಣಿ ಒಂದೇ ಉಸಿರಿನಲ್ಲಿ, ತಲೆಯನ್ನೂ ಎತ್ತದೆ, ತೋರಿಸಿಕೊಟ್ಟಿದ್ದಳು.

ಕಡತ ಹಿಡಿದುಕೊಂಡೇ ಒಳಗೆ ಹೋದಳು.

“ಕೂತ್ಕೊಳ್ಳಿ,” ಎಂದರು ಬಸವಕುಮಾರ್. ಅವಳು ಕೂರಲಿಲ್ಲ.

“ಎರಡು ರೂಮಿತ್ತಲ್ಲ ಸಾರ್.”

“ರಾಜ್ಯದ ಪಾಲು ಬರ್ಲಿಲ್ಲ. ಇರೋ ಅರ್ಧದಲ್ಲಿ ಒಂದು ರೂಮು. ಅದು ದಾಖಲೆಗೇ ಬೇಕು, ಕಡತಗಳು ಗೆದ್ದಲು ಹತ್ತಿ ಹೋಗ್ತಿವೆ ಅಂತ ಕೋರ್ಟಿನವರೇ ಬರೆದಿದಾರೆ. ಉಳಿಯೋದು ಜಗುಲಿ. ಬಿಸಿಲು ಬೀಳದ ಹಾಗೆ ತಗಡು ಹಾಕ್ತೀವಿ.”

“ಕಡತಕ್ಕೆ ಬಾಗಿಲು, ಮನುಷ್ಯರಿಗೆ ಬಳೆ.”

“ಹಾಗೆ ನೋಡ್ಬೇಡಿ. ಇಲ್ಲ ಅಂದ್ರೆ ನಾಡಿದ್ದು ಈ ಹಣವೂ ವಾಪಸ್ ಹೋಗುತ್ತೆ. ಏನೂ ಇಲ್ಲದೇ ಇರೋದಕ್ಕಿಂತ ಇದು ವಾಸಿ ಅಲ್ವೇನ್ರೀ?”

“ಬೇಡಿ ಹಾಕಿ ಕಟ್ಟಬಾರದು ಅಂತ ಮೇಲಿನ ಕೋರ್ಟು ಹೇಳಿ ಎಷ್ಟೋ ವರ್ಷ ಆಗಿದೆ ಸಾರ್.”

“ಕಟ್ಟೋರು ಪೊಲೀಸ್ನೋರು. ನಾವು ಬಳೆ ಕೂರಿಸ್ತೀವಿ, ಅಷ್ಟೆ.” ಬಸವಕುಮಾರ್ ಕನ್ನಡಕ ತೆಗೆದು ಒರೆಸಿದರು. “ನೀವು ಆ ವರದಿ ಓದಿದೀರಾ? ಆ ಮನುಷ್ಯ ಯಾಕೆ ಬಿದ್ದ? ಕೂರೋಕೆ ಆಗದೆ ಬಿದ್ದ. ಕಿಟಕಿ ಎತ್ತರ ಇತ್ತು. ನಲವತ್ತೈದು ಸೆಂಟಿಮೀಟರಿನಲ್ಲಿ ಬಳೆ ಇದ್ರೆ ಆರಾಮವಾಗಿ ಕೂರ್ತಾರೆ. ಟಿಪ್ಪಣಿಯಲ್ಲಿ ಅದನ್ನೇ ಬರೆದಿದೀನಿ, ಮಾನವೀಯ ದೃಷ್ಟಿಯಿಂದ ಅಂತ.”

ಕೂರಬೌದಾ ಎಂದು ಕೇಳಿದ್ದ ಕೆಂಚಯ್ಯ. ಆ ಪ್ರಶ್ನೆಗೆ ಉತ್ತರ ಹೀಗೂ ಬರಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

“ಆ ಐಟಂ ದನದ್ದು ಸಾರ್.”

“ಐಟಂ ಹೇಳಿದ್ದು ನೀವೇ,” ಎಂದರು ಬಸವಕುಮಾರ್. ಕುಹಕದಿಂದ ಹೇಳಲಿಲ್ಲ, ನೆನಪಿಸಿದರು ಅಷ್ಟೆ. “ಹೊಸ ಹಾಳೆ ಎಳೆಯೋಕೆ ಟೈಮಿಲ್ಲ. ನಿಮ್ಮ ಹಳೇ ಹಾಳೇಲೇ ಬ್ಲೇಡಿಂದ ಒಂದು ಕೋಣೆ, ಕಕ್ಕಸು, ಕಟ್ಟೆ ಕೆರೆದು ತೆಗೀರಿ. ಎಂಟು ಬಳೆ ಹಾಕಿ. ನಾಲ್ಕು ಗಂಟೆ ಬಸ್ಸಿಗೆ ಹನುಮಂತಯ್ಯನವರು ಪ್ರಿಂಟ್ ತಗೊಂಡು ಹಾಸನಕ್ಕೆ ಹೋಗ್ತಾರೆ.”

ಟೇಬಲ್ಲಿಗೆ ಬಂದಳು. ಹಾಳೆ ಹರಡಿ ನಾಲ್ಕು ಮೂಲೆಗೂ ಟೇಪು ಅಂಟಿಸಿದಳು. ಬ್ಲೇಡು ತೆಗೆದಳು. ಇಂಕಿನ ಗೆರೆಯನ್ನು ಹಾಳೆ ಹರಿಯದಂತೆ ಕೆರೆದು ತೆಗೆಯುವುದರಲ್ಲಿ ಅವಳಷ್ಟು ಹದವಾದ ಕೈ ಈ ಕಚೇರಿಯಲ್ಲಿ ಇರಲಿಲ್ಲ. ಮರೆಗೋಡೆಯ ಒಂದು ಗೆರೆಗೆ ಬ್ಲೇಡು ಇಟ್ಟಳು. ಅರ್ಧ ಇಂಚು ಗೆರೆ ಪುಡಿಯಾಗಿ ಬಂತು. ಊದಲಿಲ್ಲ. ಬ್ಲೇಡು ಕೆಳಗಿಟ್ಟಳು. ನೀರು ಕುಡಿದಳು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಗಡಿಯಾರ ಹನ್ನೆರಡೂಕಾಲು. ಇನ್ನೊಂದು ಸಲ ನೀರು ಕುಡಿಯಲು ಹೋಗಿ, ಹಾಗೆಯೇ ಹೊರಗೆ ನಡೆದು, ರಸ್ತೆ ದಾಟಿ ಕೋರ್ಟಿನ ಹಿಂದಕ್ಕೆ ಬಂದಳು.

ಜಗುಲಿಯಲ್ಲಿ ಕಕ್ಷಿದಾರರು ತುಂಬಿದ್ದರು. ಬೆಂಚಿನ ಮೇಲೆ ಒಬ್ಬ ವಕೀಲರು ಬಾಳೆಹಣ್ಣು ತಿನ್ನುತ್ತಿದ್ದರು. ಅದೇ ಕಿಟಕಿ. ಸರಳಿನ ಬುಡದಲ್ಲಿ ಬಣ್ಣ ಹೋಗಿ, ಬೇಡಿ ಉಜ್ಜಿ ಉಜ್ಜಿ ಕಬ್ಬಿಣ ಹೊಳೆಯುತ್ತಿತ್ತು. ಅಷ್ಟು ಹೊಳಪು ಒಬ್ಬ ಕೆಂಚಯ್ಯನಿಂದ ಬಂದದ್ದಲ್ಲ. ಲತಾಮಣಿ ಗೋಡೆಯ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಗೇಣಿನಿಂದ ಎರಡು ಸಲ ಅಳೆದಳು. ಒಂದೂವರೆ ಅಡಿ. ಅಲ್ಲಿ ಗೋಡೆಗೆ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದಳು. ಕೂರಬಹುದಿತ್ತು, ನಿಜ. ನಿಲ್ಲಲು ನೋಡಿದಳು, ಕೈ ಅಲ್ಲೇ ಇಟ್ಟುಕೊಂಡು ನಿಂತರೆ ಬೆನ್ನು ಬಗ್ಗಿಯೇ ಇರಬೇಕು. ಹೆಸರು ಕೂಗಿದಾಗ, ಜಡ್ಜಿನವರು ಆ ಕಡೆ ನಡೆದು ಹೋದಾಗ, ಎಲ್ಲರೂ ಎದ್ದು ನಿಲ್ಲುತ್ತಾರೆ. ಬಳೆಯಲ್ಲಿರುವವರು ಬಗ್ಗಿ ನಿಲ್ಲುತ್ತಾರೆ.

“ಏನಮ್ಮ, ಏನಾದ್ರೂ ಬೀಳಿಸ್ಕೊಂಡ್ರಾ?” ಎಂದರು ಬಾಳೆಹಣ್ಣಿನ ವಕೀಲರು.

“ಇಲ್ಲ ಸಾರ್. ಅಳತೆ.”

“ಕೈದಿಗಳಿಗೆ ಅಲ್ವಾ? ಬೇಗ ಮಾಡ್ಸಿ. ಕಿಟಕಿಗೆ ಕಟ್ಟಿದ್ರೆ ನಮಗೆ ಗಾಳಿ ಬರಲ್ಲ.”

ಎದ್ದು ಸೀರೆಯ ಧೂಳು ಕೊಡವಿದಳು. ಮೂಲೆಯ ಟೆಲಿಫೋನ್ ಬೂತಿನಿಂದ ಅರಸೀಕೆರೆಗೆ ಫೋನು ಮಾಡಿದಳು. ಧರ್ಮೇಶ್ ಸಿಗುವಷ್ಟರಲ್ಲಿ ಹಿಂದೆ ಗೂಡ್ಸ್ ರೈಲಿನ ಸದ್ದು. ಎಲ್ಲ ಹೇಳಿದಳು.

“ನಾವು ಅರ್ಜಿ ಹಾಕಿ ಬಳೆ ತರಿಸ್ದಂಗಾಯ್ತಲ್ಲೇ,” ಎಂದ ಅವನು. “ಪ್ರೊಬೇಷನ್ ಇನ್ನೆಷ್ಟು ದಿನ?”

“ಏಪ್ರಿಲ್ ಹನ್ನೆರಡು.”

“ಹೂಂ,” ಎಂದ. “ನಾನೇನು ಹೇಳ್ಲಿ? ನನ್ನ ಕೆಲಸ ಅಲ್ಲ ಹೋಗೋದು. ಹೇಳೋದು ಸುಲಭ ನನಗೆ.”

“ನೀನು ಹೇಳು ಅಂತ ಕೇಳ್ಲಿಲ್ಲ. ಗೊತ್ತಿರಲಿ ಅಂತ ಮಾಡ್ದೆ.”

ವಾಪಸ್ ಬಂದಾಗ ಎರಡು ಗಂಟೆ. ಮೂರರವರೆಗೆ ಹಾಳೆಯ ಮುಂದೆ ಕೂತಿದ್ದಳು. ವೃತ್ತ ಎಳೆಯುವ ಪ್ಲಾಸ್ಟಿಕ್ ಅಚ್ಚನ್ನು ಹನುಮಂತಯ್ಯ ಮೆಲ್ಲಗೆ ಅವಳ ಕಡೆ ತಳ್ಳಿದರು. “ಮೂರು ಮಿಲಿಮೀಟರಿನ ಸೊನ್ನೆ ಕಣ್ರೀ. ಎಂಟು ಸಲ ಪೆನ್ನು ತಿರುಗಿಸಿದ್ರೆ ಮುಗೀತು. ನಾನು ಮೂವತ್ತು ವರ್ಷದಲ್ಲಿ ಏನೇನು ಎಳೆದಿದೀನಿ ಅಂತ ಕೇಳಿದ್ರೆ ನೀವು ಊಟ ಮಾಡಲ್ಲ.” ಅವಳು ಅಚ್ಚನ್ನು ಮುಟ್ಟಲಿಲ್ಲ. ದೇವೀರಪ್ಪನ ಪೇಡಕ್ಕೆ ಇರುವೆ ಹತ್ತಿತ್ತು.

ಮೂರೂಕಾಲಿಗೆ ಬಸವಕುಮಾರ್ ತಾವೇ ಹೊರಗೆ ಬಂದರು. ಹಿಂದೆ ದೇವೀರಪ್ಪ. ಹಾಳೆ ನೋಡಿದರು. ಮರೆಗೋಡೆಯಲ್ಲಿ ಅರ್ಧ ಇಂಚು ಬಿಟ್ಟರೆ ಎಲ್ಲ ಹಾಗೇ ಇತ್ತು: ಎರಡು ಕೋಣೆ, ಎರಡು ಬಾಗಿಲು, ಕಟ್ಟೆ, ನಲ್ಲಿ.

“ಏನ್ರೀ ಇದು?”

ಲತಾಮಣಿ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಹಾಕಿದಳು. ಬಸವಕುಮಾರ್ ಪಕ್ಕದ ಟೇಬಲ್ಲಿನ ಕಡೆ ತಿರುಗಿದರು.

“ಹನುಮಂತಯ್ಯನವರೇ, ನೀವು ಕೂತ್ಕೊಳ್ಳಿ. ಹತ್ತು ನಿಮಿಷದ ಕೆಲಸ.”

ಹನುಮಂತಯ್ಯ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದರು. ಅಂದು ಬೆಳಿಗ್ಗೆಯಷ್ಟೇ ಇದೇ ಟೇಬಲ್ಲಿನಲ್ಲಿ ಸೂಜಿಗೆ ದಾರ ಪೋಣಿಸಿ ಗುಂಡಿ ಹಾಕಿಕೊಂಡವರು. “ಪೊರೆ ಬಂದದೆ ಸಾರ್, ಎರಡೂ ಕಣ್ಣಿಗೆ. ಇಂಕು ಹಿಡಿದ್ರೆ ಒಂದು ಬಳೆ ಎರಡಾಗ್ತದೆ. ಹದಿನಾರು ಬಂದ್ರೆ ಆಡಿಟ್‌ನೋರು ಬಿಡಲ್ಲ.”

ದೇವೀರಪ್ಪ ನಕ್ಕ. ಬೇರೆ ಯಾರೂ ನಗಲಿಲ್ಲ.

“ಲತಾಮಣಿ,” ಎಂದರು ಬಸವಕುಮಾರ್. ದನಿ ಈಗಲೂ ಏರಿರಲಿಲ್ಲ. “ನಿಮ್ಮ ಫೈಲು ನನ್ನ ಟೇಬಲ್ ಮೇಲಿದೆ. ಒಳ್ಳೇದೇ ಬರೆದಿಟ್ಟಿದೀನಿ. ಅದನ್ನ ಹರಿಯೋ ಹಾಗೆ ಮಾಡ್ಬೇಡಿ. ನಿಮ್ಮ ಮನಸ್ಸಿಗೆ ಬೇಜಾರಾದ್ರೆ ಸಹಿ ಬೇಡ. ಚೌಕ ಖಾಲಿ ಬಿಡಿ, ಯಾರು ಎಳೆದ್ರು ಅಂತ ಯಾರಿಗೂ ಗೊತ್ತಾಗಲ್ಲ. ಕಕ್ಕಸು ತೆಗೀರಿ, ಬಾಗಿಲು ತೆಗೀರಿ, ಎಂಟು ಬಳೆ ಎಳೀರಿ. ಇದು ನನ್ನ ಆದೇಶ.”

ಅಮೋನಿಯಾ ಯಂತ್ರ ಖಾಲಿಯಾಗಿಯೇ ತಿರುಗುತ್ತಿತ್ತು. ಲತಾಮಣಿ ಪೆನ್ನು ಕೈಗೆ ತೆಗೆದುಕೊಂಡಳು. ಬಲಮೂಲೆಯ ಚೌಕದಲ್ಲಿ, ಎರಡು ಕೋಣೆ, ಎರಡು ಬಾಗಿಲು, ಎರಡು ಕಕ್ಕಸು ಇರುವ ಆ ಹಾಳೆಯ ಮೇಲೆ, ತನ್ನ ಹೆಸರು ಬರೆದಳು. ಬ್ಲೇಡು ಕೆರೆದಿದ್ದ ಅರ್ಧ ಇಂಚನ್ನು ಸ್ಕೇಲಿಟ್ಟು ಮತ್ತೆ ತುಂಬಿದಳು.

“ಪ್ರಿಂಟ್‌ಗೆ ಇದು ರೆಡಿ ಇದೆ ಸಾರ್,” ಎಂದಳು.

“ನಾನು ಹೇಳಿದ್ದು ಇದಲ್ಲ.”

“ಗೊತ್ತು ಸಾರ್. ನೀವು ಹೇಳಿದ್ದನ್ನ ನಾನು ಎಳೆಯಲ್ಲ.”